ಹಿಂಗಾಲಿನ ಗಾಯ ಮಾಯ್ತಾ ಇದೆ, ಆದರೆ ಕುದುರೆ ಮತ್ತೆ ಕುಂಟುತ್ತಿದೆ

ತಾಳವಾಡಿ ಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ತಾಳವಾಡಿಯ ಕಾಡಂಚಿನ ಹೊಲ. ಎರಡು ವರ್ಷದ ಹಿಂದೆ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯಲ್ಲಿ ಒಂದು ಕಾಠಿಯಾವಾಡಿ ಹೆಣ್ಣು ಕುದುರೆ ತಂದೆ. ಹೆಸರು ಚುಕ್ಕಿ, ಈಗ ಏಳು ವರ್ಷ.

ಐದು ವಾರದ ಹಿಂದೆ ರಾತ್ರಿ ಹೊಲಕ್ಕೆ ಆನೆ ಬಂತು. ಚುಕ್ಕಿ ಬೆದರಿ ಹಗ್ಗ ಕಿತ್ತುಕೊಂಡು ಓಡಿ ಮುಳ್ಳುತಂತಿಗೆ ಸಿಕ್ಕಿಹಾಕಿಕೊಂಡಿತು. ಎಡ ಹಿಂಗಾಲಿನ ನಡುಕೀಲಿನ ಕೆಳಗೆ, ನಳಿ ಮೂಳೆಯ ಮುಂಭಾಗದಲ್ಲಿ ಒಂದು ಗೇಣು ಚರ್ಮ ಸುಲಿದು ಹೋಗಿತ್ತು. ಬೆಳ್ಳಗೆ ಮೂಳೆ ಕಾಣ್ತಿತ್ತು. ಮಾರನೇ ದಿನ ಡಾಕ್ಟರು ಬಂದು ತೊಳೆದು, ಹೊಲಿಗೆ ಹಾಕಿ, ಟಿಟಿ ಮತ್ತು ಆಂಟಿಬಯೋಟಿಕ್ ಕೊಟ್ಟರು. ನಾಲ್ಕನೇ ದಿನಕ್ಕೆ ಹೊಲಿಗೆ ಬಿಟ್ಟುಹೋಯ್ತು. ಆಮೇಲೆ ದಿನಾ ತೊಳೆದು ಪಟ್ಟಿ ಕಟ್ಟಿದೆ. ಮೂರನೇ ವಾರಕ್ಕೆ ಚೆನ್ನಾಗಿ ನಡೀತು, ಅದಕ್ಕೆ ಹೊರಗೆ ಬಿಟ್ಟೆ.

ಹೋದ ವಾರದಿಂದ ಮತ್ತೆ ಕುಂಟುತ್ತಿದೆ. ಗಾಯ ಅಂಗೈ ಅಗಲಕ್ಕೆ ಇಳಿದಿದೆ. ಆದರೆ ಕೆಂಪು ಮಾಂಸ ಚರ್ಮಕ್ಕಿಂತ ಮೇಲೆ ಉಬ್ಬಿದೆ, ಮುಟ್ಟಿದರೆ ರಕ್ತ. ನಡುವೆ ಬೆಂಕಿಕಡ್ಡಿ ತಲೆಯಷ್ಟು ಒಂದು ತೂತು. ಬೆಳಗ್ಗೆ ನೋಡಿದರೆ ಅಲ್ಲಿ ಒಂದು ಹನಿ ಕೀವು. ಮೈ ಬಿಸಿ 38.2 ಡಿಗ್ರಿ, ಜ್ವರ ಇಲ್ಲ, ಮೇವು ತಿನ್ನುತ್ತೆ. ಉಬ್ಬಿದ ಮಾಂಸಕ್ಕೆ ಮೈಲುತುತ್ತ ಹಚ್ಚಿ ಸುಡಲಾ? ನೋವಿನ ಮಾತ್ರೆ ಕೊಟ್ಟು ಸ್ವಲ್ಪ ನಡೆಸಲಾ?

ಪೆರ್ಲದ ಕೊಟ್ಟಿಗೆ:
ನಮ್ಮ ದನಕ್ಕೆ ಕೊಂಬು ತಾಗಿ ಆದ ಗಾಯಕ್ಕೆ ಮೈಲುತುತ್ತವೇ ಹಾಕಿದ್ದು ಮಾರಾಯ್ರೇ. ಒಣಗಿ ಹೋಯಿತು. ನೋಡಿ ಒಮ್ಮೆ.

ಅಕ್ಕಲಕೋಟೆ ಟಾಂಗಾ:
ಅಣ್ಣಾ, ದಯವಿಟ್ಟು ಮೈಲುತುತ್ತ ಹಚ್ಚಬೇಡಿ. ಪೆರ್ಲದವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ದನದ ಗಾಯಕ್ಕೂ ಕುದುರೆ ಕಾಲಿನ ಗಾಯಕ್ಕೂ ಬಹಳ ಫರಕ್ ಇದೆ. ಕುದುರೆಗೆ ಕಾಲಿನ ಆ ನಡುಕೀಲಿನ ಕೆಳಗೆ ಮಾಂಸಖಂಡ ಇಲ್ಲ. ಚರ್ಮ, ಸ್ನಾಯುರಜ್ಜು (ಟೆಂಡನ್), ಮೂಳೆ, ಅಷ್ಟೇ. ರಕ್ತ ಓಡಾಟ ಕಡಿಮೆ, ಅಲುಗಾಟ ಜಾಸ್ತಿ. ಅದಕ್ಕೇ ಅಲ್ಲಿ ಹೀಗೆ ಉಬ್ಬುವ ದುರ್ಮಾಂಸ ಬೆಳೆಯುತ್ತದೆ. ಮೈಲುತುತ್ತ ದುರ್ಮಾಂಸದ ಜೊತೆಗೆ ಅಂಚಿನಿಂದ ಬರುತ್ತಿರುವ ಹೊಸ ಚರ್ಮವನ್ನೂ ಸುಟ್ಟುಬಿಡುತ್ತದೆ.

ಆದರೆ ನನಗೆ ದುರ್ಮಾಂಸಕ್ಕಿಂತ ಆ ತೂತಿನದೇ ಚಿಂತೆ. ಮೂಳೆ ಮೇಲೆ ಒಂದು ತೆಳು ಪೊರೆ ಇರುತ್ತದೆ. ಮೂಳೆಯ ಹೊರಪದರಕ್ಕೆ ರಕ್ತ ಬರುವುದು ಅದರಿಂದ. ತಂತಿ ಆ ಪೊರೆಯನ್ನೇ ಕಿತ್ತರೆ, ಮೂಳೆ ಗಾಳಿಗೆ ಒಣಗಿದರೆ, ಮೇಲಿನ ಒಂದು ಚೂರು ಸತ್ತುಹೋಗುತ್ತದೆ. ಸತ್ತ ಚೂರನ್ನು ದೇಹ ಮುಳ್ಳು ಹೊಕ್ಕಂತೆ ನೋಡುತ್ತದೆ. ಹೊರಗೆ ತಳ್ಳಲು ಕೀವು ಮಾಡುತ್ತದೆ. ಮೇಲೆ ಮಾಯ್ತಾ ಬಂದು ನಡುವೆ ಒಂದು ತೂತು ಮಾತ್ರ ಮುಚ್ಚದೇ ಉಳಿದರೆ ಮೊದಲು ಇದನ್ನೇ ಅನುಮಾನಿಸಬೇಕು. ಪೆಟ್ಟು ಬಿದ್ದ ದಿನ ಎಕ್ಸ್‌ರೇ ತೆಗೆದರೂ ಇದು ಕಾಣುವುದಿಲ್ಲ. ಚೂರು ಬೇರೆಯಾಗಿ ಕಾಣಲು ಸುಮಾರು ಮೂರ್ನಾಲ್ಕು ವಾರ ಬೇಕು. ನಿಮಗೆ ಈಗ ಐದು ವಾರ, ಈಗ ತೆಗೆಸಿದರೆ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಇಷ್ಟು ನೋಡಿ. ಆ ಕಾಲಿನ ಗೊರಸು ಬಿಸಿ ಇದೆಯಾ? ಗೊರಸಿನ ಮೇಲಿನ ಕೀಲಿನ ಹಿಂದೆ ಎರಡು ಬದಿಗೂ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುತ್ತಾ? ಹಾಗಿದ್ದರೆ ಗೊರಸಿನೊಳಗೆ ಕೀವು ಇರಬಹುದು, ಅದು ಬೇರೆಯೇ ಕಥೆ. ಗಾಯದಿಂದ ಹಳದಿ ಅಂಟು ನೀರು ಬರುತ್ತಿದ್ದರೆ ಕೀಲಿಗೇ ಸೋಂಕು ಮುಟ್ಟಿರಬಹುದು, ಆಗ ಅದೇ ದಿನ ಡಾಕ್ಟರು ಬೇಕು. ಮತ್ತೆ, ಯಾವ ಮಾತ್ರೆ ಕೊಡುತ್ತಿದ್ದೀರಿ?

ತಾಳವಾಡಿ ಹೊಲ:
ಗೊರಸು ತಣ್ಣಗಿದೆ, ನಾಡಿ ಎರಡೂ ಕಾಲಲ್ಲಿ ಒಂದೇ ತರಹ. ಅಂಟು ನೀರಿಲ್ಲ. ಮೆಲಾಕ್ಸಿಕ್ಯಾಮ್ ಕೊಡ್ತಿದ್ದೆ. ಮೂರನೇ ವಾರ ಚೆನ್ನಾಗಿ ನಡೆದದ್ದು ಅದರಿಂದಲೇ ಇರಬಹುದು ಅಂತ ಈಗ ಅನ್ನಿಸ್ತಿದೆ. ಮಾತ್ರೆ ನಿಲ್ಲಿಸಿದ ಮೇಲೆ ತಾನೇ ಕುಂಟು ಕಂಡದ್ದು. ನೋಡಲಿಲ್ಲವಲ್ಲ ಅಂತ ಬೇಜಾರಾಗ್ತಿದೆ.

ಅಕ್ಕಲಕೋಟೆ ಟಾಂಗಾ:
ಬೇಜಾರು ಬೇಡ. ನೋವಿನ ಮಾತ್ರೆ ಕುಂಟನ್ನು ಮುಚ್ಚುತ್ತದೆ, ಕಾರಣ ಒಳಗೇ ಇರುತ್ತದೆ. ಮಾತ್ರೆ ಮೇಲೆ ನಡೆಸಬೇಡಿ. ಡಾಕ್ಟರು ಬರುವ ತನಕ ಲಾಯದಲ್ಲೇ ಇರಲಿ.

ಒಮ್ಮೆ ಮಾತ್ರ, ಹತ್ತು ಹೆಜ್ಜೆ, ಗಟ್ಟಿ ನೆಲದ ಮೇಲೆ ಯಾರಾದರೂ ಹಗ್ಗ ಸಡಿಲ ಹಿಡಿದು ನೇರಕ್ಕೆ ನಡೆಸಲಿ. ಪೃಷ್ಠದ ಎರಡು ಎಲುಬಿನ ಮೇಲೂ ಬಿಳಿ ಟೇಪು ಅಂಟಿಸಿ, ನೀವು ಹಿಂದೆ ನಿಂತು ವಿಡಿಯೋ ಮಾಡಿ. ಯಾವ ಕಡೆಯ ಟೇಪು ಜಾಸ್ತಿ ಏರಿ ಇಳಿಯುತ್ತದೋ ಆ ಕಾಲಿಗೆ ನೋವು. ಮುಂಗಾಲಾಗಿದ್ದರೆ ತಲೆ ನೋಡಬೇಕು. ನೋವಿನ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಆ ವಿಡಿಯೋ ಡಾಕ್ಟರಿಗೆ ತುಂಬಾ ಉಪಯೋಗ.

ತೊಳೆಯಲು ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಸೀಮೆಎಣ್ಣೆ ಬೇಡ. ಪಟ್ಟಿ ಕಟ್ಟುವಾಗ ಒಳಗೆ ಎರಡು ಬೆರಳು ದಪ್ಪ ಹತ್ತಿ ಸುತ್ತಿ, ಎಲ್ಲ ಕಡೆ ಒಂದೇ ಬಿಗಿ ಇರಲಿ. ಹತ್ತಿಯಿಲ್ಲದೆ ಬಿಗಿದರೆ ಕಾಲಿನ ಹಿಂದಿನ ಟೆಂಡನ್ ಹಾಳಾಗುತ್ತದೆ. ಬಲ ಹಿಂಗಾಲಿಗೂ ಪಟ್ಟಿ ಕಟ್ಟಿ ಅಣ್ಣಾ, ಇದನ್ನು ಮರೆಯಬೇಡಿ. ಈಗ ಎಡಗಾಲಿನ ಭಾರವನ್ನೂ ಅದೇ ಹೊರುತ್ತಿದೆ. ವಾರಗಟ್ಟಲೆ ಹೀಗೇ ಹೊತ್ತರೆ ಒಳ್ಳೆ ಕಾಲಿನ ಗೊರಸೇ ಕೆಡುತ್ತದೆ. ನಮ್ಮ ಮನೆಯ ಒಂದು ಕುದುರೆ ನಾವು ಕಳೆದುಕೊಂಡಿದ್ದು ಗಾಯದಿಂದಲ್ಲ, ಹೀಗೆ.

ತಾಳವಾಡಿ ಹೊಲ:
ಬಲಗಾಲಿಗೂ ಕಟ್ಟಿದೆ. ವಿಡಿಯೋದಲ್ಲಿ ಎಡಗಡೆ ಟೇಪು ಎದ್ದು ಎದ್ದು ಬೀಳುತ್ತೆ, ನೋಡೋಕಾಗಲ್ಲ. ಸತ್ಯಮಂಗಲದ ಕಡೆ ಇಳಿಸಬೇಕಂದ್ರೆ ದಿಂಬಂ ಘಾಟಿಯ 27 ತಿರುವು. ಲಾರಿಯಲ್ಲಿ ಮೂರು ಕಾಲ ಮೇಲೆ ನಿಂತು ಆ ತಿರುವು ತಡೆಯಲ್ಲ ಅಂತ ಬಿಟ್ಟೆ. ಮೈಸೂರಿನಲ್ಲಿ ಕುದುರೆ ನೋಡುವ ಒಬ್ಬ ಡಾಕ್ಟರು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತಂದು ಚಾಮರಾಜನಗರದ ದಾರಿಯಲ್ಲಿ ಬರ್ತೀನಿ ಅಂದಿದ್ದಾರೆ.

ಹತ್ತು ದಿನದ ಮೇಲೆ, ತಾಳವಾಡಿ ಹೊಲ:
ನೀವು ಹೇಳಿದ್ದೇ ಆಗಿತ್ತು ಅಣ್ಣಾ. ಎಕ್ಸ್‌ರೇಯಲ್ಲಿ ಮೂಳೆ ಮೇಲೆ ಒಂದು ಬಿಳಿ ಗೀಟು, ಅದರ ಸುತ್ತ ಕಪ್ಪು. ನಿಂತಿದ್ದ ಹಾಗೇ ಮಂಪರು ಬರಿಸಿ, ಕಾಲು ಜೋಮು ಹಿಡಿಸಿ ಆ ಸತ್ತ ಚೂರು ತೆಗೆದರು. ಮೊದಲು ದುರ್ಮಾಂಸ ಚರ್ಮದ ಮಟ್ಟಕ್ಕೆ ಹೆರೆದರು. ಅದರಲ್ಲಿ ನೋವಿನ ನರವೇ ಇಲ್ಲವಂತೆ. ಆದರೆ ರಕ್ತ ಸುರಿದದ್ದು ನೋಡಿ ನನ್ನ ಕೈಯೇ ನಡುಗಿತು. ಆಮೇಲೆ ಇಕ್ಕಳದಲ್ಲಿ ಒಂದು ಚೂರು ಎಳೆದು ನನ್ನ ಅಂಗೈ ಮೇಲಿಟ್ಟರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತೆಂಗಿನ ಚಿಪ್ಪಿನ ತುಂಡಿನ ಹಾಗೆ ತೆಳ್ಳಗೆ, ಒಂದು ಬದಿ ನುಣುಪು, ಇನ್ನೊಂದು ಬದಿ ಹುಳ ತಿಂದ ಹಾಗೆ ತರಿತರಿ. ಇಷ್ಟು ದಿನ ಅದು ಇದನ್ನೇ ಹೊತ್ತು ನಡೀತಿತ್ತಲ್ಲ.

ಅಕ್ಕಲಕೋಟೆ ಟಾಂಗಾ:
ಓದಿ ಸಮಾಧಾನವಾಯಿತು. ದುರ್ಮಾಂಸ ಮತ್ತೆ ತಲೆ ಎತ್ತಬಹುದು, ಎತ್ತಿದರೆ ಡಾಕ್ಟರಿಗೆ ಫೋಟೋ ಕಳಿಸಿ, ನೀವಾಗಿ ಏನೂ ಹಚ್ಚಬೇಡಿ. ನಿಂತೇ ಇರುವ ಕುದುರೆಗೆ ಹುರುಳಿ, ಕಾಳು ಕಡಿಮೆ ಮಾಡಿ ಹುಲ್ಲು ಜಾಸ್ತಿ ಕೊಡಿ. ಮತ್ತೆ ಪ್ರತಿ ವರ್ಷ ಟಿಟಿ ಹಾಕಿಸಿ. ಧನುರ್ವಾಯು ಕುದುರೆಗೆ ಬಂದಷ್ಟು ಬೇಗ ಬೇರೆ ಯಾವ ಸಾಕುಪ್ರಾಣಿಗೂ ಬರುವುದಿಲ್ಲ.

ಪೆರ್ಲದ ಕೊಟ್ಟಿಗೆ:
ನಾನು ಹೇಳಿದ್ದನ್ನು ಮಾಡದಿದ್ದದ್ದು ಒಳ್ಳೆಯದಾಯಿತು. ನಾನೂ ಕಲಿತೆ.

ಏಳು ವಾರದ ಮೇಲೆ, ತಾಳವಾಡಿ ಹೊಲ:
ತೂತು ಮುಚ್ಚಿ ಒಂದು ತಿಂಗಳಾಯ್ತು. ಗಾಯ ಈಗ ಐದು ರೂಪಾಯಿ ನಾಣ್ಯದಷ್ಟಿದೆ, ಸುತ್ತ ಗುಲಾಬಿ ಬಣ್ಣದ ಚರ್ಮ. ಡಾಕ್ಟರು ಹೇಳಿದಂತೆ ಹಗ್ಗ ಹಿಡಿದು ದಿನಕ್ಕೆ ಎರಡು ಸಲ ಐದು ನಿಮಿಷದಿಂದ ಶುರು ಮಾಡಿದೆ, ಈಗ ಇಪ್ಪತ್ತಕ್ಕೆ ಬಂದಿದೆ. ಮಾತ್ರೆ ಇಲ್ಲ. ನಿನ್ನೆ ಮತ್ತೆ ಟೇಪು ಅಂಟಿಸಿ ನೋಡಿದೆ, ಎರಡೂ ಒಂದೇ ಮಟ್ಟದಲ್ಲಿ ಹೋಗ್ತಿವೆ. ಲಾಯದ ಕಡೆಯ ಮುಳ್ಳುತಂತಿ ಪೂರ್ತಿ ಕಿತ್ತು ಬಿದಿರಿನ ಗಳ ಕಟ್ಟಿಸಿದ್ದೇನೆ. ವಿಡಿಯೋ ಹಾಕಿದ್ದೇನೆ, ಒಮ್ಮೆ ನೋಡಿ ಹೇಳಿ ಅಣ್ಣಾ.