ಖಣದ ಫೋಟೋಗೆ ನೆರಳು ಹಾಕಬೇಕು, ಇಮೇಜ್‌ಮ್ಯಾಜಿಕ್ ಗೊತ್ತಿದ್ದವರು ಹೇಳಿ

ಗುಳೇದಗುಡ್ಡದವ:
ನಮಸ್ಕಾರ್ರೀ. ನಮ್ಮದು ಖಣದ (ಕುಪ್ಪಸದ ಬಟ್ಟೆ) ಅಂಗಡಿ. ಈಗ ಗಿರಾಕಿಗಳು ಜಾಸ್ತಿ ವಾಟ್ಸಾಪ್‌ನಲ್ಲೇ ನೋಡಿ ಆರಿಸುತ್ತಾರೆ. ಖಣವನ್ನು ತ್ರಿಕೋನವಾಗಿ ಮಡಚಿ, ಬಿಳಿ ಹಾಳೆ ಮೇಲಿಟ್ಟು ಫೋಟೋ ತೆಗೆಯುತ್ತೇನೆ. ಸುತ್ತ ಸಣ್ಣಗೆ ನೆರಳಿದ್ದರೆ ಬಟ್ಟೆ ಎದ್ದು ಕಾಣುತ್ತದೆ ಅಲ್ವಾ? ಲಿನಕ್ಸ್‌ನಲ್ಲಿ ಇಮೇಜ್‌ಮ್ಯಾಜಿಕ್ 7 ಇದೆ, ಕಮಾಂಡ್ ಬರೆದು ಫೋಟೋ ತಿದ್ದುವ ತಂತ್ರಾಂಶ. ಶ್ಯಾಡೋ ಕೊಟ್ಟರೆ ನೆರಳು ಖಣಕ್ಕೆ ಬೀಳುವುದಿಲ್ಲ, ಇಡೀ ಫೋಟೋದ ಚೌಕಕ್ಕೆ ಬೀಳುತ್ತದೆ. ಜೆಪೆಗ್ ಮಾಡಿದರೆ ಅಂಚೆಲ್ಲ ಕಪ್ಪು. ಲಗ್ನದ ಸೀಜನ್ ಬಂತು, ಒಂದೊಂದೇ ಫೋಟೋ ಗಿಂಪ್‌ನಲ್ಲಿ ತಿದ್ದುತ್ತ ಕೂರೋಕಾಗಲ್ಲ.

ಬೆಳಗಾವಿ ಡಿಟಿಪಿ:
ಅಣ್ಣಾ, ಶ್ಯಾಡೋ ಆಪ್ಷನ್ ಬಣ್ಣ ನೋಡುವುದಿಲ್ಲ, ಆಲ್ಫಾ ನೋಡುತ್ತದೆ, ಅಂದರೆ ಯಾವ ಭಾಗ ಎಷ್ಟು ಪಾರದರ್ಶಕ ಅನ್ನೋದು. ಎಲ್ಲಿ ಪಾರದರ್ಶಕ ಇಲ್ಲವೋ ಅಲ್ಲೆಲ್ಲ ನೆರಳು. ನಿಮ್ಮ ಬಿಳಿ ಹಾಳೆಯೂ ಅದಕ್ಕೆ ಚಿತ್ರವೇ. ಮೊದಲು ಹಾಳೆ ತೆಗೆಯಿರಿ.

ಬಿಳಿ ಇದ್ದಲ್ಲೆಲ್ಲ ಪಾರದರ್ಶಕ ಮಾಡುವ ‘ಟ್ರಾನ್ಸ್‌ಪರೆಂಟ್ ವೈಟ್’ ಮಾತ್ರ ಬೇಡ. ಬಿಳಿ ನೂಲಿನ ಖಣವಾದರೆ ನಡುವೆ ತೂತು ಬೀಳುತ್ತದೆ, ಆ ತೂತಿನಲ್ಲಿ ನೆರಳು ಇಣುಕುತ್ತದೆ. ಆಲ್ಫಾ ಸೆಟ್, ಫಜ್ 10% (ಬಣ್ಣ ಇಷ್ಟು ಹೆಚ್ಚುಕಮ್ಮಿ ಇದ್ದರೂ ಒಂದೇ ಅಂತ ಹಿಡಿಯಲು), ಫಿಲ್ ನನ್ ಕೊಟ್ಟು, ಡ್ರಾ ಒಳಗೆ ‘ಆಲ್ಫಾ 0,0 ಫ್ಲಡ್‌ಫಿಲ್’ ಬರೆಯಿರಿ. ಮೂಲೆಯಿಂದ ಶುರುವಾಗಿ ಬಟ್ಟೆಯ ಅಂಚಿಗೆ ನಿಲ್ಲುತ್ತದೆ.

ಆಮೇಲೆ ಬ್ರಾಕೆಟ್ ಒಳಗೆ ಪ್ಲಸ್ ಕ್ಲೋನ್ (ಚಿತ್ರದ ನಕಲು), ಬ್ಯಾಕ್‌ಗ್ರೌಂಡ್ ಬ್ಲ್ಯಾಕ್, ಶ್ಯಾಡೋ. ಶ್ಯಾಡೋಗೆ ನಾಲ್ಕು ಅಂಕಿ: 50 ಅಂದರೆ ಎಷ್ಟು ಗಾಢ, 8 ಅಂದರೆ ಎಷ್ಟು ಮಸುಕು, ಉಳಿದ ಎರಡು 10 ಬಲಕ್ಕೆ ಮತ್ತು ಕೆಳಕ್ಕೆ ಸರಿಯಲು. ಬ್ರಾಕೆಟ್ ಮುಗಿದ ಮೇಲೆ ಎರಡರ ಕ್ರಮ ಅದಲುಬದಲು ಮಾಡಲು ಪ್ಲಸ್ ಸ್ವಾಪ್, ಇಲ್ಲದಿದ್ದರೆ ನೆರಳು ಖಣದ ಮೇಲೆ ಕೂರುತ್ತದೆ. ನಂತರ ಬ್ಯಾಕ್‌ಗ್ರೌಂಡ್ ವೈಟ್, ಎರಡನ್ನೂ ಒಂದಾಗಿಸುವ ಲೇಯರ್ಸ್ ಮರ್ಜ್, ಪ್ಲಸ್ ರೀಪೇಜ್. ಜೆಪೆಗ್‌ಗೆ ಪಾರದರ್ಶಕತೆ ಇಲ್ಲ, ಅದಕ್ಕೇ ನಿಮ್ಮ ಅಂಚು ಕಪ್ಪಾಗಿದ್ದು. ವೈಟ್ ಹಾಕಿದರೆ ಆ ಕಾಟ ಇಲ್ಲ.

ಗುಳೇದಗುಡ್ಡದವ:
ಬಂತ್ರೀ! ಕಪ್ಪು ಹೋಯಿತು, ತ್ರಿಕೋನದ ನೆರಳೇ ಬಿತ್ತು. ಆದರೆ ಒಂದು ಬದಿ ಬೂದು ಕಲೆ ಉಳಿದಿದೆ, ಟ್ಯೂಬ್‌ಲೈಟಿನ ನಿಜವಾದ ನೆರಳು. ಇನ್ನೊಂದು, ಇಡೀ ಫೋಲ್ಡರಿಗೆ ಇಮೇಜ್‌ಮ್ಯಾಜಿಕ್‌ನದೇ ಮೊಗ್ರಿಫೈ ಕಮಾಂಡ್ ಕೊಟ್ಟರೆ ಬ್ರಾಕೆಟ್ ಹತ್ತಿರ ಎರರ್.

ಬೆಳಗಾವಿ ಡಿಟಿಪಿ:
ಫಜ್ ಸ್ವಲ್ಪ ಸ್ವಲ್ಪ ಏರಿಸಿ ನೋಡಿ. ತಿಳಿ ಬಣ್ಣದ ಖಣವಿದ್ದರೆ ಜೋಪಾನ, ಬಟ್ಟೆಯನ್ನೂ ನುಂಗುತ್ತದೆ. ಅಂಥದ್ದಕ್ಕೆ ಕಿಟಕಿ ಬೆಳಕಲ್ಲಿ ಮತ್ತೆ ಫೋಟೋ ತೆಗೆಯುವುದೇ ವಾಸಿ.

ಮುಧೋಳ ಹುಡುಗ:
ಮೊಗ್ರಿಫೈ ಬ್ರಾಕೆಟ್ ಒಪ್ಪಲ್ಲ ಸರ್, ಒಂದು ಸಲಕ್ಕೆ ಒಂದೇ ಚಿತ್ರ ಹಿಡಿಯುತ್ತದೆ. ಬ್ಯಾಶ್‌ನಲ್ಲಿ (ಲಿನಕ್ಸ್‌ನಲ್ಲಿ ಕಮಾಂಡ್ ಬರೆಯುವಲ್ಲಿ) ಒಂದೊಂದೇ ಫೋಟೋ ತೆಗೆದುಕೊಳ್ಳುವ ಫಾರ್ ಲೂಪ್ ಹಾಕಿ, ಒಳಗೆ ಮ್ಯಾಜಿಕ್ ಕಮಾಂಡ್ ಇಡಿ. ಔಟ್‌ಪುಟ್ ಬೇರೆ ಫೋಲ್ಡರಿಗೆ ಹೋಗಲಿ, ಮೂಲ ಫೋಟೋ ಮೇಲೆ ಬರೆಯಬೇಡಿ. ಪ್ರತಿ ಬ್ರಾಕೆಟ್‌ಗೆ ಮುಂಚೆ ಬ್ಯಾಕ್‌ಸ್ಲ್ಯಾಷ್ ಮರೆಯಬೇಡಿ.