ಬಾಖ್ ಮತ್ತು ಫ್ರಾಂಕ್: ಆರ್ಗನ್ನಿನ ನಾದ ಬೇರೆಯಾಗಿ ಕೇಳಿಸುವುದೇಕೆ?

ಪ್ರಶ್ನೆ, ಕಾರವಾರದಿಂದ:
ನಮಸ್ಕಾರ. ಇಲ್ಲಿಯ ಇಗರ್ಜಿಯೊಂದರ ಗಾಯನವೃಂದದಲ್ಲಿ ನಾನು ಮಂದ್ರಸ್ಥಾಯಿಯ ಸಾಲನ್ನು ಹಾಡುತ್ತೇನೆ. ನಾವು 14 ಮಂದಿ ಇದ್ದೇವೆ, ಜೊತೆಗೆ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಇದೆ, ಅದನ್ನೂ ನಾನೇ ನುಡಿಸುವುದುಂಟು. ಈ ಮಳೆಗಾಲದಲ್ಲಿ 18ನೇ ಶತಮಾನದ ಜರ್ಮನ್ ರಚನಕಾರ ಬಾಖ್ ಮತ್ತು 19ನೇ ಶತಮಾನದ ಪ್ಯಾರಿಸ್ಸಿನ ಸೆಜಾರ್ ಫ್ರಾಂಕ್ ಇಬ್ಬರ ಆರ್ಗನ್ (ಚರ್ಚುಗಳ ದೊಡ್ಡ ಕೊಳವೆವಾದ್ಯ) ಕೃತಿಗಳನ್ನು ಒಂದರ ಹಿಂದೊಂದು ಕೇಳುತ್ತಿದ್ದೇನೆ. ಬಾಖ್‌ನಲ್ಲಿ ಪ್ರತಿ ಎಳೆಯೂ ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತದೆ. ಫ್ರಾಂಕ್‌ನಲ್ಲಿ ಎಳೆಗಳು ಒಂದರಲ್ಲೊಂದು ಕರಗಿ, ನಾದ ನಿಧಾನವಾಗಿ ಉಬ್ಬಿ ಇಳಿಯುತ್ತದೆ. ಇದು ರಚನಕಾರರ ಮನೋಧರ್ಮದ ವ್ಯತ್ಯಾಸವೋ, ವಾದ್ಯದ್ದೋ?

ಉತ್ತರ, ಶಿರಸಿಯಿಂದ:
ವಾದ್ಯದ ಪಾಲೇ ದೊಡ್ಡದೆಂದು ನನ್ನ ಅಭಿಪ್ರಾಯ. ಹಾರ್ಮೋನಿಯಂ ನುಡಿಸುವವನಾದ್ದರಿಂದ ಅಲ್ಲಿಂದಲೇ ಹೇಳುತ್ತೇನೆ. ನಮ್ಮ ಪೆಟ್ಟಿಗೆಯ ತಿದಿಯನ್ನು ಬಲವಾಗಿ ಒತ್ತಿದರೆ ಧ್ವನಿ ಏರುತ್ತದೆ, ಶ್ರುತಿ ಬಹುಮಟ್ಟಿಗೆ ಕದಲುವುದಿಲ್ಲ. ಅಲ್ಲಿ ನುಡಿಯುವುದು ಲೋಹದ ರೀಡು, ಅಂದರೆ ಗಾಳಿಗೆ ಕಂಪಿಸುವ ತೆಳು ಪಟ್ಟಿ. ಆರ್ಗನ್ನಿನ ಹೆಚ್ಚಿನ ಕೊಳವೆಗಳಾದರೋ ಕೊಳಲಿನ ಜಾತಿಯವು, ಗಾಳಿಯ ಒತ್ತಡ ಬದಲಾದರೆ ಶ್ರುತಿಯೇ ಜಾರುತ್ತದೆ. ಆದ್ದರಿಂದ ಒತ್ತಡವನ್ನು ಸಮವಾಗಿಡಲೇಬೇಕು. ಬಾಖ್‌ನ ಕಾಲದ ಜರ್ಮನ್ ವಾದಕ ಧ್ವನಿ ಹೆಚ್ಚಿಸಲು ಇನ್ನೊಂದು ಸಾಲು ಕೊಳವೆಗಳನ್ನು ತೆರೆಯಬೇಕಿತ್ತು, ಇಲ್ಲವೇ ಮೇಲೋ ಕೆಳಗೋ ಇರುವ ಬೇರೆ ಮನೆಸಾಲಿಗೆ (ಕೀಲಿಗಳ ಸಾಲಿಗೆ) ಕೈ ಒಯ್ಯಬೇಕಿತ್ತು. ಹೀಗಾಗಿ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು.

ಪ್ಯಾರಿಸ್ಸಿನ ಆರ್ಗನ್ ನಿರ್ಮಾಪಕ ಕವಾಯೆ-ಕೋಲ್ (1811–1899) ಕೊಳವೆಗಳ ಒಂದು ವಿಭಾಗವನ್ನು ಮರದ ಕೋಣೆಯೊಳಗಿಟ್ಟು, ಅದರ ಮುಂದಿನ ಪಟ್ಟಿಬಾಗಿಲುಗಳನ್ನು ವಾದಕ ಕಾಲಿನಿಂದಲೇ ತೆರೆದು ಮುಚ್ಚುವ ಏರ್ಪಾಟನ್ನು ತನ್ನ ವಾದ್ಯಗಳ ಜೀವಾಳವಾಗಿಸಿದ. ಒತ್ತಡ ಕದಲದೆಯೇ ನಾದ ಉಬ್ಬುವುದು ಹೀಗೆ. ಫ್ರಾಂಕ್ ಸೇಂಟ್ ಕ್ಲೋಟಿಲ್ಡ್ ಚರ್ಚಿನಲ್ಲಿ ನುಡಿಸುತ್ತಿದ್ದದ್ದು ಕವಾಯೆ-ಕೋಲ್ ಕಟ್ಟಿದ ವಾದ್ಯವನ್ನೇ. ಫ್ರಾಂಕ್‌ನ 1890ರ ಮೂರು ಕೊರಾಲ್‌ಗಳನ್ನು (ಸ್ತೋತ್ರದ ಧಾಟಿಯ ಆರ್ಗನ್ ಕೃತಿಗಳನ್ನು) ಕೇಳುವಾಗ ಆ ಬಾಗಿಲುಗಳನ್ನು ನೆನಪಿಡಿ.

ಉತ್ತರ, ಹೊನ್ನಾವರದಿಂದ:
ಶಿರಸಿಯವರ ಮಾತನ್ನು ಒಪ್ಪುತ್ತೇನೆ. ಒಂದು ಸಣ್ಣ ತಿದ್ದುಪಡಿ ಮಾತ್ರ. ಪೆಟ್ಟಿಗೆಯೊಳಗೆ ಕೊಳವೆಯಿಟ್ಟು ಧ್ವನಿ ಉಬ್ಬಿಸುವ ಉಪಾಯ 1712ರಷ್ಟು ಹಿಂದೆಯೇ ಲಂಡನ್ನಿನಲ್ಲಿತ್ತು. ಬಾಖ್‌ನ ನಾಡು ಅದನ್ನು ಬಳಸುತ್ತಿರಲಿಲ್ಲ, ಅಷ್ಟೇ.

ಗಾಯನವೃಂದದ ಗಾತ್ರವನ್ನೂ ಗಮನಿಸಬೇಕು. ಬಾಖ್ 1730ರಲ್ಲಿ ಲೈಪ್‌ಜಿಗ್ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಒಂದು ವೃಂದಕ್ಕೆ ಕನಿಷ್ಠ 12 ಹಾಡುಗಾರರು ಬೇಕು, 16 ಇದ್ದರೆ ಮೇಲು ಎಂದಿದ್ದ. ಯೇಸುವಿನ ಯಾತನೆ, ಮರಣದ ಕಥೆ ಹೇಳುವ ಅವನ ಮ್ಯಾಥ್ಯೂ ಪ್ಯಾಶನ್ ಅನ್ನು ಇಪ್ಪತ್ತರ ಹರೆಯದ ಜರ್ಮನ್ ರಚನಕಾರ ಮೆಂಡೆಲ್‌ಸನ್ 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಬೆಳಕಿಗೆ ತಂದಾಗ ಹಾಡಿದವರು 150ಕ್ಕೂ ಹೆಚ್ಚು. ಅದೂ ಚರ್ಚಿನಲ್ಲಲ್ಲ, ಸಂಗೀತಸಭೆಯಲ್ಲಿ. ಇಷ್ಟು ಕಂಠಗಳು ಕೂಡಿದ ಮೇಲೆ ಆಧಾರಕ್ಕೆ ಆರ್ಗನ್ನೇ ಬೇಕೆಂದಿಲ್ಲ. ಬಾಖ್‌ನ ಚರ್ಚ್ ಕೃತಿಗಳಲ್ಲಿ ಅದು ಅಡಿಪಾಯ. 19ನೇ ಶತಮಾನದ ರಚನಕಾರ ಬ್ರಾಮ್ಸ್‌ನ ಜರ್ಮನ್ ರಿಕ್ವಿಯಂ ಎಂಬ, ಮೃತರ ನೆನಪಿನ ವೃಂದಗಾನದಲ್ಲಿ ಐಚ್ಛಿಕ. ನನಗೆ ಇದು ಸ್ವಲ್ಪ ನಷ್ಟವೆಂದೇ ತೋರುತ್ತದೆ.

ಮರುಉತ್ತರ, ಕಾರವಾರದಿಂದ:
ಇಬ್ಬರಿಗೂ ಧನ್ಯವಾದ. ನಮ್ಮ 14 ಮಂದಿ ಬಾಖ್ ಕೇಳಿದ ಲೆಕ್ಕದೊಳಗೇ ಬಂದದ್ದು ಖುಷಿಯಾಯಿತು. ಅವನ ಕೊರಾಲ್‌ಗಳಿಗೂ (ಚರ್ಚಿನ ಸ್ತೋತ್ರಗಳಿಗೂ) ನಾನು ಧ್ವನಿ ಏರಿಳಿಸುವ ಕೀಬೋರ್ಡಿನ ಪೆಡಲನ್ನು ತುಳಿಯುತ್ತಲೇ ಇರುತ್ತಿದ್ದೆ. ಬರುವ ಭಾನುವಾರ ಅದನ್ನು ಬಿಚ್ಚಿಟ್ಟು ನುಡಿಸಿ ನೋಡುತ್ತೇನೆ.