ಅಪಧಮನಿಯ ಪೆಡಸುತನ, ನಾಡಿ ಅಲೆಯ ವೇಗ: ಈ ಪದಗಳು ಸರಿಯೇ?

ಗೆಳೆಯರೇ,

ದೊಡ್ಡವರಲ್ಲಿ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಎಷ್ಟು ಪೆಡಸಾಗಿದೆ ಎಂದು ಅಳೆಯುವ ವಿಧಾನಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು 'ಆರ್ಟೀರಿಯಲ್ ಸ್ಟಿಫ್‌ನೆಸ್'. 'ಬಿಗಿತ' ಅಂದರೆ ನಾಳ ಕಿರಿದಾಗಿದೆ ಅನ್ನಿಸುತ್ತದೆ. 'ಗಡಸುತನ' ಅಂದರೆ ಒಳಗೆ ಕೊಬ್ಬು ಕಟ್ಟುವ ಕಾಯಿಲೆ ನೆನಪಾಗುತ್ತದೆ. ಕೊಬ್ಬು ಕಟ್ಟದಿದ್ದರೂ ವಯಸ್ಸಾದಂತೆ ನಾಳದ ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳು ಸವೆಯುತ್ತವೆ, ಅಷ್ಟಾಗಿ ಹಿಗ್ಗದ ಕೊಲಾಜೆನ್ ಎಳೆಗಳು ಹೆಚ್ಚುತ್ತವೆ, ಗೋಡೆ ಹಿಗ್ಗುವುದು ಕಡಿಮೆಯಾಗುತ್ತದೆ. ಒಣಗಿದ ಚರ್ಮ ಪೆಡಸಾಯಿತು ಅಂತೀವಲ್ಲ, ಅದೇ ಅರ್ಥ. ಹಾಗಾಗಿ ನನಗೆ 'ಪೆಡಸುತನ' ಇಷ್ಟ. ನಿಮ್ಮ ಕಡೆ ಈ ಪದ ಈಗಲೂ ಮಾತಿನಲ್ಲಿದೆಯೇ?

ಹೆಚ್ಚು ತೊಡಕಿರುವುದು 'ಪಲ್ಸ್ ವೇವ್ ವೆಲಾಸಿಟಿ'ಯಲ್ಲಿ. 'ನಾಡಿಯ ವೇಗ' ಎಂದರೆ ನಿಮಿಷಕ್ಕೆ ಎಷ್ಟು ಬಡಿತ ಅಂತಲೇ ಎಲ್ಲರೂ ಓದುತ್ತಾರೆ. ಇದು ಹೃದಯ ಬಡಿದಾಗ ನಾಳದುದ್ದಕ್ಕೂ ಓಡುವ ಒತ್ತಡದ ಅಲೆಯ ವೇಗ. ರಕ್ತ ಹರಿಯುವ ವೇಗಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನಾಳ ಪೆಡಸಾದಷ್ಟೂ ಅಲೆ ಬೇಗ ಓಡುತ್ತದೆ. ಕತ್ತಿನಲ್ಲೂ ತೊಡೆಸಂದಿನಲ್ಲೂ ನಾಡಿ ಹಿಡಿದು, ಅಲೆ ಎಷ್ಟು ತಡವಾಗಿ ಮುಟ್ಟಿತು ಎಂದು ನೋಡುತ್ತಾರೆ. ಮೈಮೇಲೆ ಅಳೆದ ದೂರ ಅಲೆಯ ನಿಜವಾದ ದಾರಿಗಿಂತ ಹೆಚ್ಚಾಗುವುದರಿಂದ, ಆ ಎರಡರ ನಡುವೆ 60 ಸೆಂ.ಮೀ. ಇದ್ದರೆ ಅದರ ಶೇ 80, ಅಂದರೆ 48 ಸೆಂ.ಮೀ. ಲೆಕ್ಕಕ್ಕೆ. 60 ಮಿಲಿಸೆಕೆಂಡ್ ತಡವಾದರೆ ಸೆಕೆಂಡಿಗೆ 8 ಮೀಟರ್. ಯುರೋಪಿನ ತಜ್ಞರು 10 ದಾಟಿದರೆ ಎಚ್ಚರ ಅನ್ನುತ್ತಾರೆ. ಉಳಿದ ವಿಧಾನಗಳನ್ನು ಸಾಮಾನ್ಯವಾಗಿ ಇದಕ್ಕೇ ಹೋಲಿಸಿ ತೂಗುತ್ತಾರೆ.

ಜಪಾನಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ತೋಳಿಗೂ ಕಣಕಾಲಿಗೂ ಪಟ್ಟಿ ಸುತ್ತಿ ಅಳೆಯುವ ವಿಧಾನ. ಮಾಡುವುದು ಸುಲಭ, ಬಟ್ಟೆ ಸರಿಸುವ ಮುಜುಗರವಿಲ್ಲ. ಆದರೆ ಕಾಲಿನ ನಾಳಗಳೂ ಲೆಕ್ಕಕ್ಕೆ ಸೇರುವುದರಿಂದ ಅಂಕಿ ದೊಡ್ಡದಾಗಿ ಬರುತ್ತದೆ. ಎರಡಕ್ಕೂ ಬರೀ 'ಅಲೆಯ ವೇಗ' ಎಂದರೆ, ರಿಪೋರ್ಟಿನಲ್ಲಿ 13 ನೋಡಿದವರು ಸುಮ್ನೆ ಗಾಬರಿಯಾಗುತ್ತಾರೆ, ಅಲ್ವಾ? ಅದಕ್ಕೇ 'ಕತ್ತು-ತೊಡೆ ನಾಡಿ ಅಲೆವೇಗ', 'ತೋಳು-ಕಣಕಾಲು ನಾಡಿ ಅಲೆವೇಗ' ಎಂದು ಜಾಗದ ಹೆಸರು ಸೇರಿಸಿದ್ದೇನೆ. ಉದ್ದವಾಯಿತು, ಆದರೂ ಬಿಡಲಾರೆ.

ಇನ್ನು 'ಆಗ್ಮೆಂಟೇಷನ್ ಇಂಡೆಕ್ಸ್'. ದೂರದ ನಾಳಗಳಿಗೆ ಬಡಿದು ಹೃದಯದತ್ತ ತಿರುಗಿ ಬರುವ ಅಲೆಯಿಂದ ಒತ್ತಡ ಎಷ್ಟು ಏರಿತು ಎಂಬುದನ್ನು ಇದು ಹೇಳುತ್ತದೆ. ಹೃದಯ ಬಡಿತದ ಗತಿ, ವ್ಯಕ್ತಿಯ ಎತ್ತರ ಎರಡೂ ಇದನ್ನು ಬದಲಿಸುತ್ತವೆ. ಇದನ್ನೇ ಪೆಡಸುತನದ ಅಳತೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. 'ಮರುಅಲೆ ಸೂಚ್ಯಂಕ' ಎಂದು ಬರೆದಿದ್ದೇನೆ. 'ಏರಿಕೆ' ಎಂಬ ಅರ್ಥವನ್ನೂ ಹಿಡಿಯುವ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ?